ದೊಣ್ಣೆ ಮೆಣಸಿನ ಸಸಿಗಳೂ ಗುಲಾಬಿ ಪ್ಯಾಂಟುಗಳೂ

ಡ್ರಿಲ್ ಮೇಷ್ಟ್ರಿಗೆ ಒಂದು ಕಡೆ ಕೂತು ಅಭ್ಯಾಸವೇ ಇರಲಿಲ್ಲ. ಊಟಕ್ಕೆ ಕೂತರೂ ಕಾಲು ತಾಳ ಹಾಕುತ್ತಿತ್ತು. ಅಂಥವರು ಒಂದು ಭಾನುವಾರ ಹೆಂಡತಿಯ ಹೊಲಿಗೆ ಕೋಣೆಯ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತು, "ಇನ್ನು ಮೇಲೆ ಈ ಮನೆಗೆ ದೊಣ್ಣೆ ಮೆಣಸಿನಕಾಯಿ ಅಂಗಡಿಯಿಂದ ಬರಕೂಡದು" ಎಂದು ಘೋಷಿಸಿದರು.

"ಈಗಲೂ ಬರಲ್ವಲ್ಲ. ನಿಮಗೆ ಸೇರಲ್ಲ ಅಂತ ನಾನು ತರೋದೇ ಇಲ್ಲ" ಎಂದಳು ಹೆಂಡತಿ, ಮಿಷನ್ ನಿಲ್ಲಿಸದೆ.

ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಗಿನ ಚಳಿ ತಾಗಬಾರದೆಂದು ಕಾಗದದ ಲೋಟಗಳಲ್ಲಿ ಬೀಜ ಊರಿ, ತಟ್ಟೆಯಲ್ಲಿ ಜೋಡಿಸಿ, ಅದೇ ಕೋಣೆಯ ಕಿಟಕಿ ಪಕ್ಕದ ಕಪಾಟಿನ ನೆತ್ತಿಗೇರಿಸಿದರು. ಮೊಳಕೆ ಬಂದದ್ದೇ ತಡ, ಅವರ ನೆಮ್ಮದಿ ಹಾರಿಹೋಯಿತು. ಹಲ್ಲುಜ್ಜುವ ಮೊದಲು ನೀರು, ಉಜ್ಜಿದ ಮೇಲೆ ನೀರು, ಶಾಲೆಗೆ ಹೊರಟು ಗೇಟಿನ ತನಕ ಹೋದವರು ವಾಪಸು ಬಂದು ಇನ್ನೊಂದು ಚೊಂಬು ನೀರು.

"ಸಸಿ ಬೆಳೆಸ್ತಿದ್ದೀರೋ, ಮೀನು ಸಾಕ್ತಿದ್ದೀರೋ?" ಎಂದಳು ಹೆಂಡತಿ.

"ಬಾಯಿಲ್ಲದ ಜೀವಗಳು ಕಣೇ. ಬಾಯಾರಿದರೆ ಯಾರನ್ನ ಕೇಳ್ತವೆ?"

ಸಸಿಗಳು ಬುಡ ಮೆತ್ತಗಾಗಿ ಒಂದೊಂದಾಗಿ ವಾಲತೊಡಗಿದವು. ಹೆಂಡತಿ ಮಣ್ಣಿಗೆ ಬೆರಳಿಟ್ಟು ನೋಡಿ, "ಕೊಳೀತಿದೆ ರೀ. ಮಣ್ಣು ಒಣಗೋ ತನಕ ಮುಟ್ಟಬೇಡಿ" ಎಂದಳು. ಮೇಷ್ಟ್ರಿಗೆ ಅದು ದಾಹದ ಬವಳಿಯಾಗಿಯೇ ಕಂಡಿತು. ಬಿಸಿಲಲ್ಲಿ ಡ್ರಿಲ್‌ಗೆ ನಿಂತು ತಲೆಸುತ್ತಿ ಬಿದ್ದ ಮಕ್ಕಳಿಗೆಲ್ಲ ನೀರು ಕುಡಿಸಿಯೇ ಎಬ್ಬಿಸಿದವರು ಅವರು.

ಕ್ರೀಡಾಕೂಟದ ಹಿಂದಿನ ದಿನ ಮೈದಾನಕ್ಕೆ ಸುಣ್ಣದ ಗೆರೆ ಹಾಕಿಸಬೇಕಿತ್ತು. ಸಂಜೆವರೆಗೂ ಬರುವಂತಿಲ್ಲ. ಅಷ್ಟು ಹೊತ್ತು ಸಸಿಗಳಿಗೆ ನೀರು ಹಾಕುವವರು ಯಾರು? ಬಿಂದಿಗೆ ಗಾತ್ರದ ಪ್ಲಾಸ್ಟಿಕ್ ಕ್ಯಾನಿಗೆ ತೂತು ಕೊರೆದು, ಹನಿಹನಿಯಾಗಿ ಬೀಳುವಂತೆ ತಟ್ಟೆಯ ಮೇಲೆ ಕೂರಿಸಿ ಹೋದರು. ಹೆಂಡತಿಯೂ ಪೇಟೆಗೆ ಹೋಗಿದ್ದಳು. ತೂತು ದೊಡ್ಡದಾಯಿತು, ಹನಿ ಧಾರೆಯಾಯಿತು, ತಟ್ಟೆ ತುಂಬಿ ನೀರು ಕಪಾಟಿನೊಳಗೆ ಇಳಿಯಿತು. ಶಾಲೆಯ ಬ್ಯಾಂಡ್ ತಂಡಕ್ಕೆಂದು ಅವಳು ತಿಂಗಳಿಡೀ ಹೊಲಿದ ಕೆಂಪು ಕೋಟುಗಳು ಅಲ್ಲಿದ್ದವು. ಅವುಗಳಡಿ ಬಿಳಿ ಪ್ಯಾಂಟುಗಳು.

ಸಂಜೆ ಮೇಷ್ಟ್ರು ಮೊದಲು ಓಡಿದ್ದು ಸಸಿಗಳ ಹತ್ತಿರ. ಅವು ತೇಲುತ್ತಿದ್ದವು. ಹೆಂಡತಿ ನೆಲದ ಮೇಲೆ ಕೂತು ಗುಲಾಬಿ ಬಣ್ಣದ ಪ್ಯಾಂಟೊಂದನ್ನು ಹಿಂಡುತ್ತಿದ್ದಳು. ಬೈಯಲಿಲ್ಲ. ಅದೇ ಅವರನ್ನು ಹೆದರಿಸಿತು.

"ಒಂದು ತಿಂಗಳ ಕೆಲಸ ರೀ" ಎಂದಳು ಮೆಲ್ಲಗೆ.

ಸೋಪು, ಸೋಡಾ, ಬಿಸಿನೀರು ಎಲ್ಲ ಸುರಿದರು. ಗುಲಾಬಿ ಇನ್ನಷ್ಟು ಸಮವಾಗಿ ಹರಡಿತು, ಅಷ್ಟೆ.

ಮರುದಿನ ಬ್ಯಾಂಡ್ ತಂಡ ಗುಲಾಬಿ ಕಾಲುಗಳಲ್ಲಿ ಮೈದಾನಕ್ಕಿಳಿಯಿತು. ಹೆಡ್‌ಮೇಷ್ಟ್ರು ಮೆಟ್ಟಿಲಿಳಿದು ಬಂದರು.

"ಇದೇನ್ರೀ ಬಣ್ಣ?"

"ಗುಲಾಬಿ, ಸಾರ್."

"ಅದು ಕಾಣ್ತಿದೆ. ಹೊಲಿದವರಿಗೆ ಬಿಳಿ ಅಂದ್ರೆ ಗೊತ್ತಾಗಲ್ವಾ? ಮುಂದಿನ ಸಲ ಬೇರೆಯವರಿಗೆ ಕೊಡೋಣ."

ಮೇಷ್ಟ್ರು ಸೆಟೆದು ನಿಂತರು. "ಅವಳ ತಪ್ಪಿಲ್ಲ ಸಾರ್. ಅವಳು ಬಿಳೀನೇ ಹೊಲಿದಿದ್ದು. ನಾನು ದೊಣ್ಣೆ ಮೆಣಸಿನಕಾಯಿಗೆ ನೀರು ಹಾಕಿದೆ."

ಹೆಡ್‌ಮೇಷ್ಟ್ರು ಅವರ ಹೆಗಲ ಮೇಲೆ ಕೈಯಿಟ್ಟು, "ತುಂಬ ದಣಿದಿದ್ದೀರಿ. ನಾಳೆಯಿಂದ ಒಂದು ವಾರ ರಜ ತಗೊಂಡು ಮನೇಲಿ ಆರಾಮಾಗಿರಿ" ಎಂದರು.

ಮನೆಗೆ ಬಂದು ಮೇಷ್ಟ್ರು ಎಲ್ಲವನ್ನೂ ವರದಿ ಮಾಡಿದರು. ಹೆಂಡತಿಯ ಮಿಷನ್ ತಟ್ಟನೆ ನಿಂತಿತು.

"ಒಂದು ವಾರ ಮನೇಲೇ ಇರ್ತೀರಾ?" ಎಂದಳು. "ಹೆಡ್‌ಮೇಷ್ಟ್ರಿಗೆ ನನ್ನ ಮೇಲೆ ಅಷ್ಟೊಂದು ಕೋಪಾನಾ?"