‘ನಿಮಗೆ’ ಎಂಬ ಕಡತ

ಧೈರ್ಯ ಬಂದ ದಿನವೇ ಫೋಲ್ಡರ್ ತೆರೆಯಲಿಲ್ಲ.

ಪುಸ್ತಕಗಳಿಗೆ ರಟ್ಟು ಕಟ್ಟಿಯೇ ಮುದುಕರಾದ ಬೈಂಡರ್ ಅವರ ಮನೆಯಲ್ಲಿ ಎರಡು ಕಂಪ್ಯೂಟರ್. ಹಜಾರದ್ದು ಇವರದು, ಒಳಕೋಣೆಯದು ಹೆಂಡತಿಯದು. ಆಕೆ ತೀರಿಕೊಂಡು ಮೂರು ತಿಂಗಳು. ಆಕೆಯ ಪಾಸ್‌ವರ್ಡ್ ಆಕೆಯ ಜೊತೆಗೇ ಹೋಗಿತ್ತು. ಇವರೊಂದಿಗೆ ಹಂಚಿಕೊಂಡಿದ್ದ ಒಂದು ಫೋಲ್ಡರ್ ಮಾತ್ರ ಹಜಾರದಿಂದಲೇ ತೆರೆಯುತ್ತಿತ್ತು. ಅದರಲ್ಲಿ ಆಕೆ ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮಾತಾಡಿ ರೆಕಾರ್ಡ್ ಮಾಡಿಟ್ಟ ಒಂದು ಕಡತವಿತ್ತು. ಹೆಸರು ‘ನಿಮಗೆ’.

ಕೊನೆಯ ಮಾತನ್ನೂ ಕೇಳಿಬಿಟ್ಟರೆ ಮುಂದೆ ಕೇಳಲು ಏನು ಉಳಿಯುತ್ತದೆ ಎಂದು ಅವರು ಅದನ್ನು ಮುಟ್ಟಿರಲೇ ಇಲ್ಲ. ಇವತ್ತು ಹಲ್ಲುಜ್ಜುವಾಗ ಆಕೆಯ ದನಿ ಹೇಗಿತ್ತೆಂದು ನೆನಪಿಗೇ ಬರಲಿಲ್ಲ. ಬಾಯಿ ಕೂಡ ತೊಳೆಯದೆ ಓಡಿಬಂದು ಫೋಲ್ಡರ್ ಒತ್ತಿದರು. ‘ಆ ಕಂಪ್ಯೂಟರ್ ಸಿಗುತ್ತಿಲ್ಲ’ ಎಂದಿತು ಪರದೆ.

ಕರೆಯುವ ಮೊದಲೇ ಬರುವವರು ಪಕ್ಕದ ಮನೆಯ ಮೀಟರ್ ಮಾವ. ಮನೆಮನೆಯ ಮೀಟರ್ ಓದಿ ನಿವೃತ್ತರಾದವರು.

“ನನಗೆ ಬಿಡಿ ಯಜಮಾನ್ರೇ. ಮೂವತ್ತು ವರ್ಷ ಕರೆಂಟ್ ಜೊತೆ ಸಂಸಾರ ಮಾಡಿದೀನಿ!”

ಮೊದಲು ಇಡೀ ಮನೆಯ ಕರೆಂಟ್ ತೆಗೆದು ಮತ್ತೆ ಹಾಕಿದರು. ಆಗಲಿಲ್ಲ. ವೈರಸ್ ಬರದಂತೆ ಕಾಯುವ ಕಂಪ್ಯೂಟರಿನ ಕಾವಲು ವ್ಯವಸ್ಥೆಯನ್ನೆಲ್ಲ ಆರಿಸಿದರು. ಆಗಲಿಲ್ಲ. ಎತ್ತರದಲ್ಲಿದ್ದರೆ ಸಿಗ್ನಲ್ ಚೆನ್ನಾಗಿರುತ್ತದೆಂದು ವೈಫೈ ಡಬ್ಬಿಯನ್ನು ಬೀರುವಿನ ಮೇಲೇರಿಸಿದರು. ಅದು ಬೈಂಡರ್ ತಲೆಯ ಮೇಲೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಡಬ್ಬಿಯ ಒಂದು ಕೊಂಬು ಮುರಿದಿತ್ತು, ಬೈಂಡರ್ ಹಣೆಯಲ್ಲಿ ಒಂದು ಮೂಡಿತ್ತು.

“ಇನ್ನು ಎಲ್ಲಾ ಅಳಿಸಿ ಹೊಸದಾಗಿ ಹಾಕೋದೇ ದಾರಿ,” ಎಂದರು ಮಾವ.

“ಅಳಿಸೋದಾ?” ಬೈಂಡರ್ ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತರು. “ನನ್ನ ತಲೆ ಒಡೀರಿ ಬೇಕಾದ್ರೆ. ಅದನ್ನ ಮುಟ್ಟಬೇಡಿ.”

ಸಂಜೆ ಊಟದ ಡಬ್ಬಿ ಹಿಡಿದು ಹೆಂಡತಿಯ ತಂಗಿ ಬಂದಳು. ಹಜಾರದ ಪರದೆಯ ಮೂಲೆ ನೋಡಿದಳು. “ಭಾವ, ‘ಮೀಟರ್ ಮನೆ’ ಅಂತಿದೆಯಲ್ಲ, ಇದು ಯಾರ ವೈಫೈ?”

ಮಾವ ಕೆಮ್ಮಿದರು. “ನಂದೇ. ಹೋದ ವಾರ ಇವರದು ನಿಧಾನ ಇತ್ತಲ್ಲ, ಅದಕ್ಕೆ ನಮ್ಮನೇದು ಹಾಕ್ಕೊಟ್ಟೆ. ಉಪಕಾರ ಆಗ್ಲಿ ಅಂತ...”

“ಒಂದು ಕಂಪ್ಯೂಟರ್ ನಿಮ್ಮನೆ ವೈಫೈನಲ್ಲಿ, ಇನ್ನೊಂದು ಈ ಮನೇದ್ರಲ್ಲಿ! ಎರಡೂ ಒಂದನ್ನೊಂದು ಹೇಗೆ ನೋಡ್ಬೇಕು?”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಅವಳು ಮನೆಯ ವೈಫೈಗೆ ಬದಲಿಸಿದಳು. ಫೋಲ್ಡರ್ ತೆರೆಯಿತು. ಬೈಂಡರ್ ಕನ್ನಡಕ ಒರೆಸಿಕೊಂಡು ‘ನಿಮಗೆ’ ಒತ್ತಿದರು.

“ರೀ, ಕೇಳಿಸ್ಕೊಳ್ಳಿ.” ಅದೇ ದನಿ. ಬೈಂಡರ್ ಕಣ್ಣು ತುಂಬಿ ಬಂತು. “ನಾಲ್ಕು ದಿನ ನಾನಿರಲ್ಲ. ಈ ಫೋಲ್ಡರ್ ತೆರೀಲಿಲ್ಲ ಅಂದ್ರೆ ಗಾಬರಿ ಬೀಳಬೇಡಿ. ಎರಡೂ ನಮ್ಮನೆ ವೈಫೈನಲ್ಲೇ ಇದೆಯಾ ನೋಡಿ, ಅಷ್ಟೇ. ಆ ಪಕ್ಕದ ಮನೆಯವರ ಕೈಗೆ ಮಾತ್ರ ಕೊಡಬೇಡಿ.”

ಮೀಟರ್ ಮಾವ ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡರು.

ತೆರೆಯದ ಫೋಲ್ಡರನ್ನು ತೆರೆಯುವ ದಾರಿ ಅದೇ ಫೋಲ್ಡರಿನೊಳಗೆ ಮೂರು ತಿಂಗಳಿಂದ ಕೂತಿತ್ತು. ಬೈಂಡರ್‌ಗೆ ನಗು ಬಂತು. ಇಷ್ಟು ದಿನ ಎದೆಗವಚಿಕೊಂಡಿದ್ದ ಕೊನೆಯ ಮಾತು ಇದೇ ಎಂದು ಹೊಳೆದಾಗ ಆ ನಗು ನಿಂತಿತು. ದನಿ ಇನ್ನೂ ಮುಗಿದಿರಲಿಲ್ಲ.

“ಆಗಲೂ ಆಗ್ಲಿಲ್ಲ ಅಂದ್ರೆ ನೀವೇನೂ ಒತ್ತೋಕೆ ಹೋಗಬೇಡಿ. ಸುಮ್ನೆ ಕೂತಿರಿ. ನಾನು ಬಂದು ನೋಡ್ತೀನಿ.”

ಬೈಂಡರ್ ಮೌಸ್ ಮೇಲಿಂದ ಕೈ ತೆಗೆದರು. ನಾದಿನಿ ದೀಪ ಹಾಕಿ, ಊಟಕ್ಕೆ ಎರಡು ಸಲ ಕರೆದಳು. ಅವರು ಸುಮ್ಮನೆ ಕೂತೇ ಇದ್ದರು.