ಹಿಮಕ್ಕೆ ಬರೆದ ರಜಾ ಚೀಟಿಗಳು

ಎಲ್ಲರಿಗೂ ಒಂದೊಂದು ವಿದ್ಯೆ ಕೈಹತ್ತಿರುತ್ತದೆ. ನಮ್ಮಕ್ಕನಿಗೆ ಕೊಬ್ಬರಿ ಮಿಠಾಯಿ, ನಮ್ಮ ಯಜಮಾನರಿಗೆ ರೇಡಿಯೋ ಬಿಚ್ಚುವುದು. ಜೋಡಿಸುವ ವಿದ್ಯೆ ಅವರಿಗೆ ಇನ್ನೂ ಬಂದಿಲ್ಲ. ನನಗೆ ಒಲಿದದ್ದು ರಜಾ ಚೀಟಿ ಬರೆಯುವುದು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಫಿಲೋಮಿನಾ ಅವರ ಕೈಕೆಳಗೆ ಪಳಗಿದವಳು ನಾನು. ಅವರ ಲೆಟರ್ ರೈಟಿಂಗ್ ಕ್ಲಾಸಿನಲ್ಲಿ ಎಡಗಡೆ ಎರಡು ಬೆರಳು ಮಾರ್ಜಿನ್, ಬಲಗಡೆ ಮೇಲೆ ತಾರೀಖು, 'ರೆಸ್ಪೆಕ್ಟೆಡ್ ಮೇಡಂ' ಆದ ಮೇಲೆ ಕಾಮಾ, ಆ ಕಾಮಾದ ಬಾಲ ಎಷ್ಟು ಉದ್ದ ಇರಬೇಕು ಎನ್ನುವುದಕ್ಕೂ ಒಂದು ನಿಯಮ. ಎಲ್ಲಕ್ಕಿಂತ ದೊಡ್ಡ ನಿಯಮ ಕಾರಣದ್ದು. "ಗರ್ಲ್ಸ್, ಕಾರಣ ಒಂದೇ ಇರಬೇಕು. ಎರಡು ಬರೆದರೆ ನನಗೆ ಅನುಮಾನ ಬರುತ್ತೆ. ಮೂರು ಬರೆದರೆ ನಿಮ್ಮ ತಾಯಿಗೆ ಹೇಳಿ ಕಳಿಸ್ತೀನಿ" ಎನ್ನುತ್ತಿದ್ದರು. ನಿಜ ಹೇಳುವವಳಿಗೆ ಒಂದು ಕಾರಣ ಸಾಕು, ಸುಳ್ಳು ಹೇಳುವವಳಿಗೆ ಎಷ್ಟಿದ್ದರೂ ಸಾಲದು ಎನ್ನುವುದು ಅವರ ಲೆಕ್ಕ. ಆ ಲೆಕ್ಕವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, 'ಶೀ ಈಸ್ ಇಂಡಿಸ್ಪೋಸ್ಡ್', ಅಂದರೆ ಮೈ ಸರಿಯಿಲ್ಲ, ಎಂಬ ಒಂದೇ ಕಾರಣ ಬರೆದು, ಕೆಳಗೆ ಅಪ್ಪನ ಸಹಿಯನ್ನು ನಾನೇ ಹಾಕಿ, ನಾಲ್ಕು ವರ್ಷ ಡ್ರಿಲ್ ಕ್ಲಾಸಿನಿಂದ ತಪ್ಪಿಸಿಕೊಂಡೆ. ಒಮ್ಮೆಯೂ ಸಿಕ್ಕಿಬೀಳಲಿಲ್ಲ.

ಈ ವಿದ್ಯೆಗೆ ಮತ್ತೆ ಕೆಲಸ ಬಂದದ್ದು ತೊಂಬತ್ತರ ದಶಕದಲ್ಲಿ, ಕೆನಡಾದ ಎರಿನ್ ಮಿಲ್ಸ್‌ನಲ್ಲಿರುವ ನನ್ನ ಮಗಳು ವೀಣಾಳ ಮನೆಯಲ್ಲಿ. ಅವಳೂ ಅಳಿಯಂದಿರೂ ಬೆಳಗ್ಗೆ ಆರೂವರೆಗೆಲ್ಲ ಟ್ರೈನು ಹಿಡಿದು ಡೌನ್‌ಟೌನಿಗೆ ಹೊರಟುಬಿಡುತ್ತಿದ್ದರು. ಮೊಮ್ಮಗಳು ಮೇಘನಾಳ ಜಡೆ, ತಿಂಡಿ, ಶಾಲೆಯ ಚೀಲ, ಚೀಲದೊಳಗಿನ ಕಾಗದಪತ್ರ ಎಲ್ಲವೂ ನನ್ನ ಡಿಪಾರ್ಟ್‌ಮೆಂಟು. ಈ ದೇಶದ ಶಾಲೆಗಳು ಪಾಠ ಹೇಳುವುದಕ್ಕಿಂತ ಹೆಚ್ಚಾಗಿ ಕಾಗದ ಕಳಿಸುತ್ತವೆ. ಅದರಲ್ಲೂ ಜನವರಿ ಬಂತೆಂದರೆ ಒಂದು ನೀಲಿ ಹಾಳೆ ತಪ್ಪದೆ ಬರುತ್ತದೆ. ಮೇಲೆ ನಗುತ್ತಿರುವ ಹಿಮದ ಗೊಂಬೆಯ ಚಿತ್ರ, ಕೆಳಗೆ 'ಚಳಿಗಾಲವನ್ನು ಕುಟುಂಬದೊಂದಿಗೆ ಎಂಜಾಯ್ ಮಾಡಿ' ಎಂಬ ಉಪದೇಶ. ಒಂದು ದಿನ ಸ್ಕೇಟಿಂಗು, ಒಂದು ದಿನ ಗುಡ್ಡದಿಂದ ಜಾರುವುದು, ಇನ್ನೊಂದು ದಿನ ಬಸ್ಸಿನಲ್ಲಿ ಕರೆದೊಯ್ದು ಸ್ಕೀಯಿಂಗು. ಒಪ್ಪಿಗೆ ಇದ್ದರೆ ಇಲ್ಲಿ ಸಹಿ ಮಾಡಿ.

ಒಪ್ಪಿಗೆ ಎಲ್ಲಿಂದ ಬರಬೇಕು ಹೇಳಿ. ಚಳಿ ಇರುವುದೇ ಈ ಜನಕ್ಕೆ ಸಾಲದು, ಅದನ್ನು ಎಂಜಾಯ್ ಬೇರೆ ಮಾಡಬೇಕು. ಮೈಸೂರಿನಲ್ಲಿ ನಮಗೆ ಬೇಕಾದಷ್ಟು ಬಿಸಿಲಿತ್ತು. ಯಾರಾದರೂ ನಮ್ಮನ್ನು ಏಪ್ರಿಲ್ ಮಧ್ಯಾಹ್ನ ಕರೆದುಕೊಂಡು ಹೋಗಿ, ಕಾದ ಬಂಡೆಯ ಮೇಲೆ ಕೂರಿಸಿ, ಬಿಸಿಲನ್ನು ಎಂಜಾಯ್ ಮಾಡಿ ಮಕ್ಕಳೇ ಅಂದರೇ? ಇನ್ನು ಸ್ಕೀಯಿಂಗ್ ಎನ್ನುವ ಆ ಘನಕಾರ್ಯವನ್ನು ನಾನು ಟೀವಿಯಲ್ಲಿ ನೋಡಿದ್ದೇನೆ. ಜೋತಾಡುವ ಕುರ್ಚಿಯಲ್ಲಿ ಕೂತು ಮೇಲೆ ಹೋಗುವುದು, ಕೆಳಗೆ ಬರುವುದು, ಮತ್ತೆ ಅದೇ ಕುರ್ಚಿಗೆ ಕ್ಯೂ ನಿಲ್ಲುವುದು. ನಾವೂ ಬೆಟ್ಟ ಹತ್ತಿದವರೇ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದರೆ ಮೇಲೆ ಒಬ್ಬ ದೇವಿ ಇದ್ದಳು, ಕೈಗೆ ಪ್ರಸಾದ ಬೀಳುತ್ತಿತ್ತು. ಇಲ್ಲಿ ಮೇಲೆ ಏನೂ ಇಲ್ಲ, ಗಾಳಿ. ಮೇಲಾಗಿ ಈ ಕಡೆಯ ಗುಡ್ಡಗಳಲ್ಲಿ ಕೆಲವು ಹಳೆಯ ಕಸದ ರಾಶಿಗೆ ಮಣ್ಣು ಮುಚ್ಚಿ ಹುಲ್ಲು ಬೆಳೆಸಿದವಂತೆ. ಕಸ ಹತ್ತಿ ಕಸ ಇಳಿಯುವುದಕ್ಕೆ ಇಷ್ಟೆಲ್ಲ ಹೆಲ್ಮೆಟ್ಟು, ಕನ್ನಡಕ, ಸಂಭ್ರಮ.

ನಾನು ಹಿಮದ್ವೇಷಿಯಾಗಿಯೇ ಹುಟ್ಟಿದವಳಲ್ಲ. ಕಾನ್ವೆಂಟಿನಲ್ಲಿ ಪ್ರತಿ ಡಿಸೆಂಬರಿನಲ್ಲಿ ನಾವು ಸರ್ವೆ ಗಿಡದ ಕೊಂಬೆಗಳಿಗೆ ಹತ್ತಿ ಅಂಟಿಸುತ್ತಿದ್ದೆವು. ಕ್ರಿಸ್‌ಮಸ್ ನಾಟಕಕ್ಕೆ ಅದೇ ಹಿಮ. ಮೈದಾ ಅಂಟಿನ ಕೈಯಲ್ಲಿ ಹತ್ತಿಯನ್ನು ಹಿಂಜಿ ಹಿಂಜಿ ಹಿಡಿಯುವಾಗ, ಹಿಮ ಬೀಳುವ ದೇಶ ಎಷ್ಟು ಬೆಚ್ಚಗಿರಬಹುದು ಎಂದುಕೊಳ್ಳುತ್ತಿದ್ದೆ. ಹತ್ತಿ ಬೆಚ್ಚಗಲ್ಲವೇ? ಮದುವೆಯಾಗಿ, ಎಂಜಿನಿಯರ್ ಗಂಡನ ಹಿಂದೆ ಈ ದೇಶಕ್ಕೆ ಬಂದು, ಮೊದಲ ಚಳಿಗಾಲದಲ್ಲಿ ಬಸ್ ಸ್ಟಾಪಿನ ಹತ್ತಿರ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಹಿಡಿ ಹಿಮ ಎತ್ತಿಕೊಂಡೆ. ಅದು ಒದ್ದೆಯಾಗಿತ್ತು. ತಣ್ಣಗಿರುತ್ತದೆಂದು ಎಲ್ಲರೂ ಹೇಳಿದ್ದರು, ಒದ್ದೆ ಎಂದು ಒಬ್ಬರೂ ಹೇಳಿರಲಿಲ್ಲ. ಆಮೇಲೆ ಮೂವತ್ತು ಚಳಿಗಾಲ ಕಳೆದರೂ ನಾನಾಗಿ ಅದನ್ನು ಮುಟ್ಟಲಿಲ್ಲ. ಜಗಳವಾದ ಪಕ್ಕದ ಮನೆಯವರನ್ನು ನೋಡುವ ಹಾಗೆ ಕಿಟಕಿಯಿಂದ ನೋಡುತ್ತಿದ್ದೆ ಅಷ್ಟೆ.

ಹೀಗಾಗಿ ನೀಲಿ ಹಾಳೆ ಬಂದಾಗಲೆಲ್ಲ ನಾನು ಸಹಿ ಹಾಕದೆ, ಒಳ್ಳೆಯ ಬಿಳಿ ಹಾಳೆ ತೆಗೆದು, ಎರಡು ಬೆರಳು ಮಾರ್ಜಿನ್ ಬಿಟ್ಟು ಚೀಟಿ ಬರೆಯುತ್ತಿದ್ದೆ. ಮೇಘನಾ ಗ್ರೇಡ್ ಒಂದರಲ್ಲಿದ್ದಾಗ ಶೀತ. ಗ್ರೇಡ್ ಎರಡರಲ್ಲಿ ಕಾಲು ಉಳುಕಿದ್ದು. ಮಕ್ಕಳೆಲ್ಲ ಕೇಕೆ ಹಾಕುತ್ತ ಬಸ್ಸು ಹತ್ತಿದ ದಿನ ಇವಳು ಶಾಲೆಯ ಲೈಬ್ರರಿಯಲ್ಲಿ ಕೂತು ಪುಸ್ತಕ ಓದಿ ಬರುತ್ತಿದ್ದಳು. ಒಂದು ದಿನವೂ ಅಳಲಿಲ್ಲ, ಹಟ ಮಾಡಲಿಲ್ಲ. "ನಮ್ಮ ಮೇಘು ಬಾಳ ಪುಸ್ತಕಪ್ರಿಯೆ" ಎಂದು ನಾನು ಫೋನಿನಲ್ಲಿ ಊರಿಗೆಲ್ಲ ಹೇಳಿಕೊಂಡೆ. ಗ್ರೇಡ್ ಮೂರಕ್ಕೆ ಬರುವ ಹೊತ್ತಿಗೆ ನನಗೆ ವಿದ್ಯೆಯ ಅಹಂಕಾರ ತಲೆಗೇರಿತ್ತೆಂದು ಕಾಣುತ್ತದೆ. ಆ ಸಲ ಕಿವಿ ಸೋರುತ್ತಿದೆ ಎಂದು ಬರೆದೆ, ಹೋದ ವರ್ಷದ ಕಾಲು ಇನ್ನೂ ಪೂರ್ತಿ ವಾಸಿಯಾಗಿಲ್ಲ ಎಂದು ಸೇರಿಸಿದೆ, ಸಾಲದ್ದಕ್ಕೆ ಮನೆಯಲ್ಲಿ ತಾತನಿಗೆ ಹುಷಾರಿಲ್ಲದ್ದರಿಂದ ಮಗುವಿನ ಮನಸ್ಸೂ ಸರಿಯಿಲ್ಲ ಎಂದೂ ಬರೆದೆ. ಆ ತಾತ ಅದೇ ಹೊತ್ತಿನಲ್ಲಿ ಮನೆ ಮುಂದಿನ ಡ್ರೈವ್‌ವೇಯ ಹಿಮವನ್ನು ಸಲಿಕೆಯಿಂದ ಎತ್ತಿಹಾಕುತ್ತ ಶಾಲೆಯ ಬಸ್ಸಿಗೆ ಕೈ ಬೀಸುತ್ತಿದ್ದರು.

ಅದಾದ ವಾರವೇ ಶ್ರೀಧರನ ಫೋನು ಬಂತು. ಶ್ರೀಧರ ಮಾರ್ಕಮ್ ಊರಿನ ಸಾಫ್ಟ್‌ವೇರ್ ಹುಡುಗ, ನಮ್ಮ ಕನ್ನಡ ಸಂಘದ ಹೊಸ ಕಾರ್ಯದರ್ಶಿ.

"ಆಂಟಿ, ನಮ್ಮ ಮಕ್ಕಳಿಗೆ ವಿಂಟರ್ ಅಂದ್ರೆ ಟೀವಿ ಮುಂದೆ ಕೂತು ಚಿಪ್ಸ್ ತಿನ್ನೋದು ಅಂತಾಗ್ಬಿಟ್ಟಿದೆ. ಕಮಿಟಿಯಲ್ಲಿ ಡಿಸೈಡ್ ಮಾಡಿದೀವಿ, ಈ ಸಲ ಹಿಮ ವಿಹಾರ. ಫುಲ್ ಫ್ಯಾಮಿಲಿ. ಎಲ್ಲರಿಗೂ ಒಂದು ಸರ್ಕ್ಯುಲರ್ ಕಳಿಸ್ಬೇಕು, ಒಂದ್ಕಡೆ ಕನ್ನಡ, ಒಂದ್ಕಡೆ ಇಂಗ್ಲಿಷು. ನೀವೇ ಬರ್ಕೊಡ್ಬೇಕು."

"ನೀನು ಎಷ್ಟು ಸಲ ಹಿಮದಲ್ಲಿ ಆಡಿದೀಯಪ್ಪ?"

"ನಾನು ಬಂದು ಎರಡೇ ವರ್ಷ ಅಲ್ವಾ ಆಂಟಿ. ಈ ಸಲ ಶುರು ಮಾಡೋಣ ಅಂತ."

"ಮೀಟಿಂಗ್ ಎಲ್ಲಿ ಮಾಡಿದ್ರಿ?"

"ನಮ್ಮ ಬೇಸ್‌ಮೆಂಟಲ್ಲಿ. ಅಲ್ಲಿ ಬೆಚ್ಚಗಿರತ್ತೆ."

ನಕ್ಕು ಫೋನಿಡಬೇಕಾಗಿತ್ತು. ಆದರೆ ಆ ಹುಡುಗ, "ನಿಮ್ಮಂಥ ಇಂಗ್ಲಿಷು ಈ ಕಡೆ ಯಾರಿಗೂ ಬರಲ್ಲ ಆಂಟಿ, ಅದು ಕಾನ್ವೆಂಟ್ ಇಂಗ್ಲಿಷು" ಎಂದುಬಿಟ್ಟ. ಅಷ್ಟು ಸಾಕಾಯಿತು. ಅಡಿಗೆಮನೆಯ ಹೀಟರ್ ಪಕ್ಕ ಕೂತು, ಕಾಲಿಗೆ ಎರಡು ಜೊತೆ ಉಲ್ಲನ್ ಸಾಕ್ಸ್ ಹಾಕಿಕೊಂಡು, ಹಿಮದ ಬಗ್ಗೆ ನಾನು ಬರೆದದ್ದನ್ನು ನೀವು ಓದಬೇಕಾಗಿತ್ತು. 'ಮಕ್ಕಳನ್ನು ಉಪ್ಪಿನಕಾಯಿ ಭರಣಿಯಂತೆ ಮನೆಯೊಳಗೆ ಮುಚ್ಚಿಡುವ ಹಿರಿಯರೇ, ಕಿಟಕಿಯ ಪರದೆ ಸರಿಸಿ ನೋಡಿ. ಹೊರಗೆ ಬಿದ್ದಿರುವುದು ನಿಮ್ಮ ಭಯವಲ್ಲ, ನಿಮ್ಮ ಮಕ್ಕಳ ಆಟದ ಮೈದಾನ.' ಇಂಗ್ಲಿಷಿನಲ್ಲಿ ಇನ್ನೂ ಚೆನ್ನಾಗಿ ಬಂತು. ಸರ್ಕ್ಯುಲರು ಬ್ರ್ಯಾಂಪ್ಟನ್ನಿನಿಂದ ಮಾರ್ಕಮ್ಮಿನವರೆಗೆ ಮನೆಮನೆಗೆ ಹೋಯಿತು, ಹೊಗಳಿಕೆಯ ಫೋನುಗಳು ಬಂದವು. ಕೊನೆಗೆ ಶ್ರೀಧರ, "ಆಂಟಿ, ಉದ್ಘಾಟನೆಗೆ ನೀವೇ ಚೀಫ್ ಗೆಸ್ಟು" ಎಂದ. ಇಂಥದಕ್ಕೆ ಒಲ್ಲೆ ಎನ್ನುವ ಕನ್ನಡಿಗರು ಇನ್ನೂ ಹುಟ್ಟಿಲ್ಲ.

ಮರುದಿನ ಬೆಳಗ್ಗೆ ಮೇಘನಾ ಚಟ್ನಿಪುಡಿ ಹಚ್ಚಿದ ಟೋಸ್ಟು ತಿನ್ನುತ್ತ ಸರ್ಕ್ಯುಲರಿನ ಇಂಗ್ಲಿಷ್ ಪಕ್ಕವನ್ನು ಎರಡು ಸಲ ಓದಿದಳು.

"ಅಜ್ಜಿ, ಡಿಡ್ ಯೂ ರೈಟ್ ದಿಸ್?"

"ಹೂಂ ಕಂದ."

"ಆಲ್ ಆಫ್ ಇಟ್?"

"ಕಾಮಾ ಸಮೇತ."

ಅವಳು ಟೋಸ್ಟನ್ನು ತಟ್ಟೆಯಲ್ಲಿಟ್ಟು, ಒಂದು ಕೈಯಿಂದ ತನ್ನ ಕಿವಿಯನ್ನು ಮೆಲ್ಲಗೆ ಮುಟ್ಟಿಕೊಂಡಳು. "ದೆನ್ ಆಮ್ ಐ ಸ್ಟಿಲ್ ಸಿಕ್?"

ಚೀಟಿ ಟೀಚರಿಗೆ ಎಂದಷ್ಟೇ ನಾನು ಅಂದುಕೊಂಡಿದ್ದೆ. ಹೊತ್ತುಕೊಂಡು ಹೋಗುವವಳು ಓದಲು ಕಲಿತಿದ್ದಳು, ಅಜ್ಜಿ ಬರೆದದ್ದನ್ನು ನಂಬಿಯೂ ಇದ್ದಳು. ಮೂರು ಚಳಿಗಾಲ ಆ ಹುಡುಗಿ ತನಗೆ ಏನೋ ಕಾಯಿಲೆ ಇದೆ ಎಂದುಕೊಂಡೇ ಲೈಬ್ರರಿಯಲ್ಲಿ ಕೂತಿದ್ದಳು. ಪುಸ್ತಕಪ್ರೀತಿ ಮಣ್ಣು. "ಈಗ ಎಲ್ಲಾ ವಾಸಿಯಾಗಿದೆ, ಹಾಲು ಕುಡಿ" ಎಂದೆ. ಡಾಕ್ಟರಿಗೂ ಇಷ್ಟು ಬೇಗ ವಾಸಿ ಮಾಡಲು ಬರುವುದಿಲ್ಲ.

ಆ ಸಂಜೆ ವೀಣಾ ಕೋಟು ಸಹ ಬಿಚ್ಚದೆ ಅಡಿಗೆಮನೆ ಬಾಗಿಲಲ್ಲಿ ನಿಂತಳು. ಟೀಚರು ಅವಳ ಆಫೀಸಿಗೆ ಫೋನು ಮಾಡಿದ್ದರು. ಮೂರು ಕಾರಣ ನೋಡಿ ಆ ಮಹಾತಾಯಿಗೆ ಗಾಬರಿಯಾಗಿ, ಮಗುವನ್ನು ಸ್ಪೆಷಲಿಸ್ಟಿಗೆ ತೋರಿಸಿದ್ದೀರಾ ಎಂದು ಕೇಳಿದ್ದರಂತೆ. ಸಿಸ್ಟರ್ ಫಿಲೋಮಿನಾ ಅವರ ನಿಯಮ ಕೆನಡಾದಲ್ಲೂ ಚಾಲ್ತಿಯಲ್ಲಿದೆ ಎಂದು ನನಗೆ ಗೊತ್ತಾದದ್ದು ಹೀಗೆ. ಒಂದೇ ವ್ಯತ್ಯಾಸ, ಇಲ್ಲಿ ಹೇಳಿ ಕಳಿಸಿದ್ದು ಮಗಳಿಗೆ.

"ಅಮ್ಮ, ಮೇಘುಗೆ ಕಿವಿ ಯಾವಾಗ ಸೋರಿತ್ತು?"

"ಸೋರಬಹುದಾಗಿತ್ತು. ಆ ಗಾಳಿಗೆ, ಆ ಬಸ್ಸಲ್ಲಿ, ಅಷ್ಟು ದೂರ, ಅಲ್ಲಿ ಯಾರು ನೋಡ್ಕೋತಾರೆ, ಹೋದ್ಸಲ ಯಾರದೋ ಮಗು..."

"ಅಮ್ಮ. ಒಂದು ಕಾರಣ ಹೇಳು, ಸಾಕು."

ಒಂದು ಹುಡುಕಿದೆ, ಸಿಗಲಿಲ್ಲ. ಅವಳು ರೇಗಲಿಲ್ಲ, ರೇಗಿದ್ದರೆ ಒಳ್ಳೆಯದಿತ್ತು. "ಅವಳು ಹಿಮ ವಿಹಾರಕ್ಕೆ ಬರ್ತಾಳೆ, ಜಾರ್ತಾಳೆ. ಮುಂದಿನ ನೀಲಿ ಹಾಳೆಗೆ ಸಹಿ ನಂದು" ಎಂದಷ್ಟೇ ಹೇಳಿ ಕೋಟು ಬಿಚ್ಚಲು ಹೋದಳು. ಮೇಘನಾ ಮಾತ್ರ ಆಮೇಲೆಯೂ ಹೊರಗೆ ಹೊರಟಾಗಲೆಲ್ಲ ಟೋಪಿಯನ್ನು ಕಿವಿಯ ಮೇಲೆ ಎರಡೆರಡು ಸಲ ಎಳೆದುಕೊಳ್ಳುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನಾನು ಪಾತ್ರೆ ತೊಳೆಯಲು ಎದ್ದುಹೋಗುತ್ತಿದ್ದೆ.

ಹಿಮ ವಿಹಾರದ ದಿನ ಬಂತು. ಕಮ್ಯೂನಿಟಿ ಹಾಲು, ಅದರ ಹಿಂದೆ ಜಾರುವ ಗುಡ್ಡ. ಬೇರೆ ಜನಾಂಗದವರಾದರೆ ಮಕ್ಕಳನ್ನು ಗುಡ್ಡದ ಮೇಲೆ ಬಿಟ್ಟು ಸುಮ್ಮನಾಗುತ್ತಿದ್ದರು. ನಾವು ಕನ್ನಡಿಗರು, ಸಭೆ ಇಲ್ಲದೆ ಜಾರುವುದುಂಟೆ? ಗುಡ್ಡದ ನೆತ್ತಿಯ ಮೇಲೆ ಬ್ಯಾಟರಿ ಮೈಕು, ಮಡಚುವ ಕುರ್ಚಿಗಳು, ಹಿತ್ತಾಳೆಯ ದೀಪದ ಕಂಬ. ಮೈನಸ್ ಹದಿನೈದರಲ್ಲಿ ಪ್ರಾರ್ಥನೆ ಹಾಡಿದ ಹೆಂಗಸಿಗೆ ಹಲ್ಲು ಕಟಕಟಿಸಿ ಗಮಕಗಳು ತಾವಾಗಿಯೇ ಬಂದವು. ದೀಪಕ್ಕೆ ಒಂದು ಪೆಟ್ಟಿಗೆ ಬೆಂಕಿಕಡ್ಡಿ ಮುಗಿಯಿತು. ಕೊನೆಗೆ ಯಾರೋ ಕಾರಿನಿಂದ ಟಾರ್ಚು ತಂದು ಬತ್ತಿಯ ಪಕ್ಕ ನಿಲ್ಲಿಸಿ, ಬೆಳಗಿತು ಎಂದು ಘೋಷಿಸಿದರು. ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷರ ಎರಡು ಮಾತು. ಅಧ್ಯಕ್ಷರು ಮಂಕಿ ಟೋಪಿಯೊಳಗಿಂದ ಆಡಿದ್ದರಿಂದ ಆ ಎರಡೂ ಮಾತು ಯಾರಿಗೂ ಕೇಳಲಿಲ್ಲ. ನನಗೆ ಶಾಲು ಹೊದಿಸಿದರು. ಸನ್ಮಾನದ ಶಾಲು ಉಪಯೋಗಕ್ಕೆ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಇಷ್ಟು ಹೊತ್ತೂ ಮಕ್ಕಳು, ಕೂತು ಜಾರುವ ತಮ್ಮ ಪ್ಲಾಸ್ಟಿಕ್ ಜಾರುಬಂಡಿಗಳನ್ನು ಎದೆಗೆ ಅವಚಿಕೊಂಡು ವಂದನಾರ್ಪಣೆಗಾಗಿ ಸಾಲಾಗಿ ನಿಂತಿದ್ದರು. ದೊಡ್ಡವರಲ್ಲಿ ಅರ್ಧ ಜನ, ನಮ್ಮ ಯಜಮಾನರನ್ನು ಮುಂದಿಟ್ಟುಕೊಂಡು, ಹಾಲಿನೊಳಗೆ ಬಿಸಿಬೇಳೆಬಾತಿನ ಕ್ಯೂ ಸೇರಿಯಾಗಿತ್ತು.

"ಈಗ ಉದ್ಘಾಟನೆ" ಎಂದ ಶ್ರೀಧರ ಮೈಕಿನಲ್ಲಿ. ನಾನು ಕತ್ತರಿಗೆ ಕೈ ಚಾಚಿದೆ. ಅವನು ಕೆಳಗೆ ಬೆರಳು ತೋರಿಸಿದ. ಕೆಂಪು ಟೇಪು ಇದ್ದದ್ದು ಗುಡ್ಡದ ಬುಡದಲ್ಲಿ, ಇಬ್ಬರು ಕಮಿಟಿಯವರ ಕೈಯಲ್ಲಿ. "ಚೀಫ್ ಗೆಸ್ಟ್ ಮೊದಲು ಜಾರ್ಕೊಂಡು ಹೋಗಿ ಟೇಪ್ ಹರೀತಾರೆ. ಹೊಸ ಐಡಿಯಾ ಅಲ್ವಾ ಆಂಟಿ? ನಿಮ್ಮ ಸರ್ಕ್ಯುಲರ್ ಓದೇ ಹೊಳೆದಿದ್ದು." ಕಾಲ ಬುಡದಲ್ಲಿ ಒಂದು ಕೆಂಪು ಜಾರುಬಂಡಿ ಬಾಯಿ ತೆರೆದುಕೊಂಡು ಬಿದ್ದಿತ್ತು.

ಮಂಡಿ ನೋವು ಎಂದು ಶುರುಮಾಡಿದೆ. ಬಿಪಿ ಎಂದೆ. ಉಟ್ಟಿರುವುದು ರೇಷ್ಮೆ ಸೀರೆ ಎಂದೆ. ಜನ ನಗುತ್ತ ಚಪ್ಪಾಳೆ ತಟ್ಟಲು ಶುರುಮಾಡಿದರು. ಆಗ ಮೇಘನಾ ಸಾಲಿನಿಂದ ಹೊರಬಂದು, ಜಾಕೆಟ್ಟಿನ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಶ್ರೀಧರನ ಕೈಗೆ ಕೊಟ್ಟಳು. "ಐ ಬ್ರಾಟ್ ಒನ್ ಫಾರ್ ಯೂ, ಅಜ್ಜಿ. ಇನ್ ಕೇಸ್" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಶ್ರೀಧರ ಎಂಥ ಹುಡುಗನೆಂದರೆ, ಕೈಗೆ ಕೊಟ್ಟದ್ದನ್ನೆಲ್ಲ ಮೈಕಿನಲ್ಲಿ ಓದುತ್ತಾನೆ. ಓದಿದ. "ಡಿಯರ್ ಅಂಕಲ್, ಪ್ಲೀಸ್ ಎಕ್ಸ್‌ಕ್ಯೂಸ್ ಮೈ ಅಜ್ಜಿ ಫ್ರಮ್ ದಿ ಹಿಲ್. ಶೀ ಈಸ್ ಸ್ಕೇರ್ಡ್. ಯುವರ್ಸ್ ಟ್ರೂಲಿ, ಮೇಘನಾ."

ನಗು ನಿಂತಿತು. ನಾನು ಕಾಗದವನ್ನು ಈಸಿಕೊಂಡು ನೋಡಿದೆ. ಎಡಗಡೆ ಎರಡು ಬೆರಳು ಮಾರ್ಜಿನ್. ಬಲಗಡೆ ಮೇಲೆ ತಾರೀಖು. ಕಾರಣ ಒಂದೇ, ಹೆದರಿಕೆ. ಮೂವತ್ತು ವರ್ಷ ನಾನು ಹುಡುಕಿ ಸಿಗದಿದ್ದುದನ್ನು ಎಂಟು ವರ್ಷದ ಹುಡುಗಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು. ಸಿಸ್ಟರ್ ಫಿಲೋಮಿನಾ ಇದ್ದಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದರು, ಅವರು ನನಗೆ ಎಂದೂ ಒಂಬತ್ತು ದಾಟಿಸಿದವರಲ್ಲ.

"ಲೀವ್ ಸ್ಯಾಂಕ್ಷನ್ಡ್" ಎಂದ ಶ್ರೀಧರ, ತನ್ನ ಜೀವನದಲ್ಲಿ ಮೊದಲ ಬಾರಿಗೆ ಮೈಕನ್ನು ಬಾಯಿಂದ ದೂರ ಹಿಡಿದು. ನಾನು ಮೇಘನಾಳ ಟೋಪಿಯನ್ನು ಕಿವಿಯಿಂದ ಸ್ವಲ್ಪ ಮೇಲೆ ಸರಿಸಿ, "ನಿನ್ನ ಕಿವಿಗೆ ಯಾವತ್ತೂ ಏನೂ ಆಗಿರಲಿಲ್ಲ ಕಂದ, ಕಾಲಿಗೂ ಆಗಿರಲಿಲ್ಲ. ಅಜ್ಜಿ ಸುಳ್ಳು ಬರೆದಿದ್ದೆ. ಹೋಗು" ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಕೆಂಪು ಜಾರುಬಂಡಿಯಲ್ಲಿ ಕೂತು, ನಾನು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಟೇಪನ್ನೂ ಒಬ್ಬ ಕಮಿಟಿಯವರನ್ನೂ ಒಟ್ಟಿಗೆ ಕೆಡವಿ ಕೆಳಗೆ ಬಿದ್ದು ನಗುತ್ತಿದ್ದಳು. ವಂದನಾರ್ಪಣೆಯನ್ನು ಯಾರೂ ಕೇಳಲಿಲ್ಲ. ಹನ್ನೊಂದು ಸಲ ಹತ್ತಿ ಹನ್ನೊಂದು ಸಲ ಇಳಿದಳು, ಮೇಲೆ ದೇವಿ ಇಲ್ಲ ಪ್ರಸಾದ ಇಲ್ಲ ಎಂಬುದು ಅವಳ ಗಮನಕ್ಕೆ ಬಂದಂತೆ ಕಾಣಲಿಲ್ಲ. ನಾನು ಶಾಲು ಹೊದ್ದು, ಥರ್ಮಾಸಿನ ಕಾಫಿ ಹಿಡಿದು, ಪ್ರತಿ ಸಲವೂ ಎಣಿಸುತ್ತ ಅಲ್ಲೇ ನಿಂತಿದ್ದೆ.

ಅಂದಿನಿಂದ ನಾನು ಯಾರಿಗೂ ರಜಾ ಚೀಟಿ ಬರೆದಿಲ್ಲ. ಹಿಮದ ಬಗ್ಗೆ ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ಅದು ಈಗಲೂ ಒದ್ದೆ, ಆ ಗುಡ್ಡಗಳು ಈಗಲೂ ಕಸ, ಆ ಕುರ್ಚಿಯ ಆಟ ಈಗಲೂ ದಂಡ. ಈ ಪ್ರಬಂಧದಲ್ಲಿ ಹಿಮಕ್ಕೆ ಇಳಿಯದಿರಲು ನಾನು ಒಟ್ಟು ಎಷ್ಟು ಕಾರಣ ಕೊಟ್ಟಿದ್ದೇನೆ ಎಂದು ನೀವು ಎಣಿಸದಿದ್ದರೆ ಉಪಕಾರ. ಎಣಿಸಿದ್ದರೆ, ದಯವಿಟ್ಟು ನನ್ನ ಮಗಳಿಗೆ ಹೇಳಿ ಕಳಿಸಬೇಡಿ.