ಓಯ್ವ ಅಳೆದ ಗುಂಡು

ಗುಂಡಿನ ಉದ್ದ ಸರಿಯಾಗಿ ಮೂವತ್ತೆರಡು ಮಿಲಿಮೀಟರ್ ಎಂದು ಕಂಪ್ಯೂಟರ್ ಹೇಳಿತು. ಎರಡು ದವಡೆಗಳ ನಡುವೆ ಹಿಡಿದು ಅಳೆಯುವ ಓಯ್ವನ ಕ್ಯಾಲಿಪರ್ ಕಾಲು ಮಿಲಿಮೀಟರ್ ಹೆಚ್ಚು ತೋರಿಸಿತು. ಬೇರೆಯವರಾಗಿದ್ದರೆ ಕಾಫಿ ಕುಡಿದು ಮರೆತುಬಿಡುತ್ತಿದ್ದರು. ಓಯ್ವ ಆ ಗುಂಡನ್ನು ಜೇಬಿಗೆ ಹಾಕಿಕೊಂಡು ಬೇಟೆ ಸಂಘದ ಮನೆಗೆ ನಡೆದ. ತೋಟಾ ತುಂಬುವವರೆಲ್ಲ ಕಣ್ಣುಮುಚ್ಚಿ ನಂಬುವ ತಂತ್ರಾಂಶದ ಅಳತೆ ಪಟ್ಟಿಯಲ್ಲಿ ಉದ್ದವೇ ತಪ್ಪಿದ್ದರೆ ಮದ್ದಿನ ಒತ್ತಡದ ಲೆಕ್ಕವೂ ತಪ್ಪಿದಂತೆಯೇ.

“ಇದನ್ನ ಅಳೆದ ಮಹಾನುಭಾವನ್ನ ಸಾಯೋತನಕ ಜೌಗಲ್ಲಿ ಹಳು ನುಗ್ಗೋಕೆ ಹಾಕ್ಬೇಕು,” ಅಂದ.

ಹನ್ನೊಂದು ವರ್ಷದಿಂದ ಸೊಂಟದವರೆಗೆ ಜೌಗಿಗೆ ಇಳಿದು, ಹಳು ನುಗ್ಗಿ, ಕೂಗಿ ಕೂಗಿ ಮೂಸ್ ಎಂಬ ದೈತ್ಯ ಕಡವೆಗಳನ್ನು ಬಂದೂಕಿನವರ ಕಡೆಗೆ ಎಬ್ಬಿಸುತ್ತಿದ್ದವನು ಅವನೇ. ಆ ಶಿಕ್ಷೆ ಎಂಥದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಬೇಟೆಯ ಮುಖಂಡ ಟೌನೊ ನಕ್ಕ. “ಆಗ್ಲಿ, ಹಾಕೋಣ. ನೀನು ಪಟ್ಟಿ ತಪ್ಪು ಅಂತ ತೋರ್ಸು, ಬಂಡೆ ಮೇಲಿನ ನನ್ನ ಜಾಗ ನಿಂದು. ಹಿಲ್ಲೆವಿ, ಎರಡೂ ಬರ್ಕೊಳಮ್ಮ.”

ಬಂಡೆಯೆಂದರೆ ಒಣ ಜಾಗ, ಬೆನ್ನಿಗೆ ಪೈನ್ ಮರ, ಮೂಸ್ ತಾನಾಗಿ ಎದುರಿಗೆ ಬರುತ್ತದೆ. ಓಯ್ವ ಗುಂಡನ್ನೂ ಕ್ಯಾಲಿಪರನ್ನೂ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಯಾರು ಸೀನಿದರೂ ನಡಾವಳಿಗೆ ಸೇರಿಸುವ ಕಾರ್ಯದರ್ಶಿ ಹಿಲ್ಲೆವಿ ಎರಡನ್ನೂ ಬರೆದುಕೊಂಡಳು.

ಟ್ರ್ಯಾಕ್ಟರ್ ರಿಪೇರಿಯ ಸುಲೊ ಮೊದಲು ಗುಂಡು ಹಿಡಿದ. “ಕ್ಯಾಲಿಪರ್ ಅಂದ್ರೆ ಬಿಗಿಯಾಗಿ ಹಿಡೀಬೇಕು ಕಣೋ. ನೋಡು, ಮೂವತ್ತೆರಡು ಪಾಯಿಂಟ್ ಒಂದೇಳು.”

ಹಿಲ್ಲೆವಿ ಹಿಡಿದಾಗ ಅದು ಇನ್ನೂ ಇಳಿದು, ಮೂವತ್ತೆರಡು ಪಾಯಿಂಟ್ ಸೊನ್ನೆ ಒಂಬತ್ತಾಯಿತು. ಟೌನೊ ಹಲ್ಲು ಕಚ್ಚಿ ಅದುಮಿದಾಗ ಸರಿಯಾಗಿ ಮೂವತ್ತೆರಡು.

“ಪಟ್ಟೀನೇ ಸರಿ,” ಅಂದ ಟೌನೊ. “ಬೂಟು ಒಣಗಿಸ್ಕೋ ಹೋಗು.”

ಓಯ್ವ ಗುಂಡನ್ನು ಕಿಟಕಿಯ ಬೆಳಕಿಗೆ ಹಿಡಿದ. ಅದರ ಸೀಸದ ಮೂತಿ ಬಾಗಿಲಿಗೆ ಮುಖ ಬಡಿದುಕೊಂಡವನ ಮೂಗಿನಂತೆ ಚಪ್ಪಟೆಯಾಗಿತ್ತು. ಸಂಘದ ಕಪಾಟಿನಿಂದ ಅದೇ ಗುಂಡಿನ ಹೊಸ ಪೆಟ್ಟಿಗೆ ತಂದು, ಒಂದನ್ನು ತೆಗೆದು, ಕ್ಯಾಲಿಪರನ್ನು ಮುಟ್ಟಿಯೂ ಮುಟ್ಟದ ಹಾಗೆ ಮುಚ್ಚಿದ. ಮೂವತ್ತೆರಡೂ ಕಾಲು. ಇನ್ನೊಂದು, ಮತ್ತೊಂದು, ಹತ್ತೂ ಅಷ್ಟೇ.

“ಸೀಸ ಮೆತ್ತಗಿರತ್ತೆ ಅಣ್ಣ. ನೀವು ಅಳೀಲಿಲ್ಲ, ಕುಗ್ಗಿಸಿದ್ರಿ.”

ಟೌನೊ ಹಗುರವಾಗಿ ಹಿಡಿದು ತಾನೂ ನೋಡಿದ. ಸೋತದ್ದನ್ನು ಒಪ್ಪಿಕೊಳ್ಳುವುದರಲ್ಲಿ ಅವನಂಥ ದೊಡ್ಡ ಮನಸ್ಸಿನವನನ್ನು ನಾವು ಕಂಡಿಲ್ಲ.

“ನಲವತ್ತು ವರ್ಷದಿಂದ ತೋಟಾ ತುಂಬ್ತಿದೀನಿ, ಇಂಥ ಕೈ ನೋಡಿಲ್ಲ,” ಅಂದ. “ಬಂಡೆ ನಿಂದು.”

ಸುಲೊ ಟೋಪಿ ತೆಗೆದ. ಓಯ್ವನ ಕಿವಿ ಕೆಂಪಾಯಿತು.

“ತಿದ್ದುಪಡಿ ಕಳಿಸ್ಬೇಕಲ್ಲ,” ಎಂದು ಹಿಲ್ಲೆವಿ ಕಂಪ್ಯೂಟರಿನ ಮುಂದೆ ಕೂತಳು. “ಅಳತೆ ಕಳಿಸಿದವರ ಹೆಸರು ಪಟ್ಟಿಯಲ್ಲೇ ಇರತ್ತೆ. ಆ ಮಹಾನುಭಾವ ಯಾರು ನೋಡೋಣ.”

ನೋಡಿದಳು. ಆಮೇಲೆ ಪರದೆಯನ್ನು ಮೆಲ್ಲಗೆ ಓಯ್ವನ ಕಡೆ ತಿರುಗಿಸಿದಳು.

ಓಯ್ವ ಕಿನ್ನಾರಿ. ಹನ್ನೊಂದು ವರ್ಷದ ಹಿಂದಿನ ತಾರೀಕು.

ಆಗ ಅವನಿಗೆ ನೆನಪಾಯಿತು. ಸಂಘಕ್ಕೆ ಸೇರಿದ ಮೊದಲ ಶರತ್ಕಾಲ, ಈ ಗುಂಡನ್ನು ಅಳೆದು ಪಟ್ಟಿಗೆ ಕಳಿಸುವ ಮೊದಲ ಕೆಲಸ, ಪಕ್ಕದಲ್ಲಿ ನಿಂತು ಬಿಗಿಯಾಗಿ ಹಿಡಿ ಅನ್ನುತ್ತಿದ್ದ ಸುಲೊ.

ಯಾರೂ ಕೇಳದೆಯೇ ಹಿಲ್ಲೆವಿ ನಡಾವಳಿ ಓದಿದಳು. “ಅಳೆದವನು ಸಾಯೋತನಕ ಜೌಗಿನಲ್ಲಿ ಹಳು ನುಗ್ಗತಕ್ಕದ್ದು.”

ಟೌನೊ ಓಯ್ವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟ.

“ಮಾತು ಮಾತೇ ಕಣೋ, ಬಂಡೆ ನಿಂದೇ. ನೀನು ಜೌಗಲ್ಲಿರೋವಾಗ ಅದನ್ನ ನಾನು ಜೋಪಾನವಾಗಿ ನೋಡ್ಕೋತೀನಿ.”